ಓಡೋ ಗಾಡಿಗೆ ಒಂದು ಮೈದಾನ

ಮದ್ದೂರು ಅಂದ್ರೆ ವಡೆ, ಮಂಡ್ಯ ಅಂದ್ರೆ ಸಕ್ಕರೆ, ಮಳವಳ್ಳಿ ಅಂದ್ರೆ ಶಿವನಸಮುದ್ರಕ್ಕೆ ಹೋಗೋ ದಾರಿ. ನಮ್ಮ ಜಿಲ್ಲೆ ಬಗ್ಗೆ ಬರೆಯೋಕೆ ಕೂತವರೆಲ್ಲ ಇಲ್ಲಿಗೇ ಬಂದು ನಿಲ್ತಾರೆ. ಈ ಸಲ ನಾನು ವಡೆ ಬಿಟ್ಟು ಗಾಡಿ ಬಗ್ಗೆ ಬರೀತೀನಿ. ಗಾಡಿ ಅಂದ್ರೆ ಎರಡೂ. ಎತ್ತು ಕಟ್ಟೋ ಗಾಡಿ, ಪೆಟ್ರೋಲ್ ಹಾಕೋ ಗಾಡಿ. ನಮ್ಮ ಕಡೆ ಎರಡಕ್ಕೂ ಒಂದೇ ಪದ ಇರೋದೇ ಈ ಬರಹಕ್ಕೆ ಅರ್ಧ ಕಾರಣ.

ಉಳಿದರ್ಧ ಕಾರಣ ಏನಪ್ಪಾ ಅಂದ್ರೆ, ಈ ಎರಡೂ ಗಾಡಿಗಳ ಹಿಂದೆ ಪೊಲೀಸರು ಓಡಿದ್ದಾರೆ. ಒಂದರ ಹಿಂದೆ ಓಡೋದನ್ನ ನಿಲ್ಲಿಸಿದ್ದಾರೆ. ಇನ್ನೊಂದರ ಹಿಂದೆ ಇನ್ನೂ ಓಡ್ತಾನೇ ಇದ್ದಾರೆ. ಸೈಲೆನ್ಸರ್ ಬದಲಾಯಿಸಿದ ಬೈಕು, ಮೈ ತಗ್ಗಿಸಿ ಅಗಲ ಟೈರು ಹಾಕಿಸಿದ ಕಾರು, ಇವು ನಾಲ್ಕು ಒಂದು ಕಡೆ ಸೇರಿದ್ರೆ ಸಾಕು, ಐದನೆಯದಾಗಿ ಜೀಪು ಬರುತ್ತೆ. ಅದೇ ನಾಲ್ಕು ಜೋಡಿ ಎತ್ತು ಸೇರಿದ್ರೆ ಈಗ ಎಂಎಲ್ಎ ಬಂದು ಬಾವುಟ ತೋರಿಸಿ ಹೋಗ್ತಾರೆ. ಆದ್ರೆ ಹತ್ತು ವರ್ಷದ ಹಿಂದೆ ಎತ್ತಿನವರ ಹಿಂದೆಯೂ ಜೀಪೇ ಬರ್ತಿತ್ತು. ನಡುವೆ ಏನಾಯ್ತು ಅನ್ನೋದೇ ನನಗೆ ಕುತೂಹಲ.

ಮೊದಲು ಎತ್ತಿನ ಕತೆ ನೋಡೋಣ.

ಹಳ್ಳಿಕಾರ್ ತಳಿ ನೋಡಿದ್ದೀರಲ್ಲ? ಬೂದು ಮೈ, ಉದ್ದನೆ ಚೂಪು ಕೊಂಬು, ಸಣ್ಣ ಗಟ್ಟಿ ಗೊರಸು. ಹಾಲಿಗೆ ಸಾಕೋ ತಳಿ ಅಲ್ಲ ಇದು, ಉಳೋಕೆ, ಎಳೆಯೋಕೆ, ಓಡೋಕೆ. 2000ದಲ್ಲಿ ಅಂಚೆ ಇಲಾಖೆ ಇದರ ಚಿತ್ರ ಹಾಕಿ ಸ್ಟಾಂಪು ತಂದಿತ್ತು. ಇದರ ದಾಯಾದಿ ಅಮೃತಮಹಲ್. ಮೈಸೂರು ಅರಸರ ಕಾಲದ 'ಬೆಣ್ಣೆ ಚಾವಡಿ'ಗೆ ಟಿಪ್ಪು ಕೊಟ್ಟ ಹೆಸರು ಅದು. ಹೆಸರಲ್ಲಿ ಬೆಣ್ಣೆ ಇದ್ರೂ ನಿಜವಾದ ಕೆಲಸ ತೋಪು ಎಳೆಯೋದು. ಹೈದರಾಲಿ ಚಿದಂಬರದ ಕಡೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ ದಂಡು ನಡೆಸಿದ್ದು ಈ ಎತ್ತುಗಳಿಂದ ಅಂತ ಇಂಗ್ಲಿಷರೇ ಬರೆದಿಟ್ಟಿದ್ದಾರೆ. 1799ರ ಮಾರ್ಚ್ 27ರಂದು ನಮ್ಮ ಮಳವಳ್ಳಿ ಹತ್ತಿರ ಟಿಪ್ಪು ದಂಡಿಗೂ ಜನರಲ್ ಹ್ಯಾರಿಸ್ ದಂಡಿಗೂ ಕಾಳಗ ಆಯ್ತಲ್ಲ, ಆಗ ಎರಡೂ ಕಡೆ ತೋಪು, ದಿನಸಿ ಎಲ್ಲ ಬಂದದ್ದು ಎತ್ತಿನ ಹೆಗಲ ಮೇಲೇ. ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆ ಖಜಾನೆ ಜೊತೆಗೆ ಆ ದನದ ಹಿಂಡೂ ಇಂಗ್ಲಿಷರ ಪಾಲಾಯ್ತು. ಅಂದ್ರೆ ಎತ್ತಿನ ವೇಗ ಆವತ್ತು ಆಟದ ವಿಷಯ ಅಲ್ಲ, ರಾಜ್ಯದ ವಿಷಯ.

ಆಟ ಆದದ್ದು ಊರುಗಳಲ್ಲಿ, ಜಾತ್ರೆಗಳಲ್ಲಿ. ಕನ್ನಂಬಾಡಿ ಕಟ್ಟೆ ಮುಗಿದು, ಇರ್ವಿನ್ ನಾಲೆಯಲ್ಲಿ (ಈಗಿನ ವಿಶ್ವೇಶ್ವರಯ್ಯ ನಾಲೆ) ನೀರು ಹರಿದು, 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂದ ಮೇಲೆ ಗಾಡಿಗೆ ಕೆಲಸ ಇನ್ನೂ ಹೆಚ್ಚಾಯ್ತು. ಕಾರ್ಖಾನೆ ಮುಂದೆ ಕಬ್ಬಿನ ಗಾಡಿಗಳ ಸಾಲು ನಿಂತರೆ ರಾತ್ರಿ ಪೂರಾ ಕಾಯಬೇಕು. ಅಲ್ಲಿ ಕೂತು ಗಾಡಿಯವರು ಆಡೋ ಮಾತು ಏನಿರುತ್ತೆ? ನಿನ್ನ ಜೋಡಿ ಹೆಚ್ಚೋ ನನ್ನ ಜೋಡಿ ಹೆಚ್ಚೋ.

ಮಾಡಿಫಿಕೇಶನ್ ಅನ್ನೋದು ಕೂಡ ಕಾರಿನ ಜೊತೆ ಬಂದ ರೋಗ ಅಲ್ಲ ಸ್ವಾಮಿ. ಕಬ್ಬಿಣದ ಪಟ್ಟಿ ಹೊಡೆದ ಮರದ ಗಾಲಿ ತೆಗೆದು ಹಳೇ ರಬ್ಬರ್ ಟೈರು ಹಾಕಿಸಿದ ಗಾಡಿಗೆ ನಮ್ಮ ಕಡೆ ಟೈರ್ ಗಾಡಿ ಅಂತಲೇ ಹೆಸರು, ಕೆಲವರು ಡನ್ಲಪ್ ಗಾಡಿ ಅಂತಾರೆ. ಕಂಪನಿ ಹೆಸರೇ ಗಾಡಿ ಹೆಸರಾಯ್ತು. ಇದನ್ನ ದೊಡ್ಡ ಮಟ್ಟದಲ್ಲಿ ತಲೆಗೆ ಹಚ್ಚಿಕೊಂಡವರು ಒಬ್ಬರಿದ್ರು, ಎನ್. ಎಸ್. ರಾಮಸ್ವಾಮಿ. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರು. ಮ್ಯಾನೇಜ್ಮೆಂಟ್ ಪಾಠ ಹೇಳಬೇಕಾದವರು 1970ರ ದಶಕದಲ್ಲಿ ಎತ್ತಿನ ಗಾಡಿ ಸುಧಾರಣೆಗೆ ಇಳಿದ್ರು. ಗಾಡಿ ಹಗುರ ಆಗಬೇಕು, ಗಾಲಿ ಸಲೀಸಾಗಿ ತಿರುಗಬೇಕು, ನೊಗ ಎತ್ತಿನ ಹೆಗಲು ಕೊರೆಯಬಾರದು ಅಂತ ದೇಶವೆಲ್ಲ ಹೇಳ್ಕೊಂಡು ಬಂದ್ರು. ಜನ ನಕ್ಕರು ಕೂಡ. ಆದ್ರೆ ಅವರ ಲೆಕ್ಕ ಸರಿ ಇತ್ತು: ಆಗ ದೇಶದ ಸಾಮಾನು ಸಾಗಿಸೋದರಲ್ಲಿ ಎತ್ತಿನ ಪಾಲು ಬಹಳ ದೊಡ್ಡದು, ಗಾಡಿ ಕೆಟ್ಟದಾಗಿದ್ರೆ ನೋವು ಎತ್ತಿಗೆ, ನಷ್ಟ ರೈತನಿಗೆ. ಒಂದು ಗಾಡಿಯನ್ನ ಬಿಚ್ಚಿ, ಭಾರ ಇಳಿಸಿ, ಬೇರಿಂಗ್ ಹಾಕಿ ಇನ್ನೂ ಚೆನ್ನಾಗಿ ಓಡಿಸ್ತೀನಿ ಅನ್ನೋ ಆಸೆ ಐಐಎಂನಲ್ಲೂ ಇತ್ತು, ಮದ್ದೂರಿನ ಗ್ಯಾರೇಜಲ್ಲೂ ಇದೆ.

ಇನ್ನು ಓಟಕ್ಕೆ ಬನ್ನಿ. ಕೊಯ್ಲಾದ ಗದ್ದೆ ಬಯಲು ಅಥವಾ ನೀರಿಳಿದ ಕೆರೆ ಅಂಗಳ. ಉದ್ದಕ್ಕೂ ಎರಡು ಹಾದಿ. ಸಾಮಾನ್ಯವಾಗಿ ಎರಡು ಜೋಡಿ ಒಟ್ಟಿಗೆ ಬಿಡ್ತಾರೆ, ಗೆದ್ದ ಜೋಡಿ ಮುಂದಿನ ಸುತ್ತಿಗೆ. ಮೊದಲ ಸಲ ನೋಡೋರಿಗೆ ಕಾಣೋದು ಧೂಳು ಮಾತ್ರ :) ಓಟದ ಗಾಡಿ ಅಂದ್ರೆ ಕಬ್ಬು ಹೊರೋ ಗಾಡಿ ಅಲ್ಲ, ಒಬ್ಬ ನಿಲ್ಲೋಕೆ ಆಗೋವಷ್ಟು ಹಗುರ ಚೌಕಟ್ಟು. ಎತ್ತಿಗೆ ಹುರುಳಿ, ಹತ್ತಿಬೀಜ, ಮೊಟ್ಟೆ, ಬೆಣ್ಣೆ. ಮನೆ ಮಕ್ಕಳಿಗಿಲ್ಲದ ಮೊಟ್ಟೆ ಎತ್ತಿಗೆ ಅಂತ ಅಮ್ಮಂದಿರು ಗೊಣಗೋದನ್ನ ನಾನೇ ಕೇಳಿದ್ದೀನಿ. ಗೆದ್ದರೆ ನಗದು, ಟ್ರೋಫಿ, ಕೆಲವು ಕಡೆ ಬೈಕು! ಎತ್ತು ಓಡಿಸಿ ಬೈಕು ಗೆಲ್ಲೋದು.

ಪೈಪೋಟಿ ಇರೋದು ಎತ್ತಿಗಲ್ಲ, ಊರಿಗೆ. ಒಂದು ಹೋಬಳಿಯ ಜೋಡಿ ಇನ್ನೊಂದು ಹೋಬಳಿಗೆ ಹೋಗಿ ಗೆದ್ದು ಬಂದರೆ ಆ ಮಾತು ಮುಂದಿನ ಜಾತ್ರೆವರೆಗೂ ಉಳಿಯುತ್ತೆ. ಗೆರೆ ಮುಟ್ಟಿದ್ದು ಯಾವ ಎತ್ತಿನ ಮೂಗು ಅನ್ನೋ ವಿಷಯಕ್ಕೆ ಹೊಡೆದಾಟ ಆಗಿದ್ದೂ ಉಂಟು. ನಮ್ಮ ಜಿಲ್ಲೆಯಲ್ಲಿ 'ಜೋಡೆತ್ತು' ಅನ್ನೋ ಪದಕ್ಕೆ ಎಷ್ಟು ತೂಕ ಇದೆ ಅಂದ್ರೆ, 2019ರ ಲೋಕಸಭೆ ಚುನಾವಣೆಯಲ್ಲಿ ಸುಮಲತಾ ಪರವಾಗಿ ಪ್ರಚಾರಕ್ಕೆ ಬಂದ ದರ್ಶನ್, ಯಶ್ ಇಬ್ಬರನ್ನೂ ಜನ ಜೋಡೆತ್ತು ಅಂದ್ರು, ಎದುರಾಳಿಗಳು ಅವರನ್ನ ಕಳ್ಳೆತ್ತು ಅಂದ್ರು. ಇಡೀ ಚುನಾವಣೆ ಎತ್ತಿನ ಭಾಷೇಲೇ ನಡೆದು ಹೋಯ್ತು.

ಇಂಥಾ ಆಟ ಒಂದು ದಿನ ಕಾನೂನಿಗೆ ವಿರುದ್ಧ ಆಗಿಬಿಡ್ತು. 2011ರ ಜುಲೈನಲ್ಲಿ ಕೇಂದ್ರ ಸರ್ಕಾರ ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ ಹೋರಿಯನ್ನ ಸೇರಿಸ್ತು. ಆ ಪಟ್ಟಿಯಲ್ಲಿ ಹುಲಿ, ಸಿಂಹ, ಕರಡಿ, ಕೋತಿ ಮೊದಲೇ ಇದ್ವು. 2014ರ ಮೇ 7ರಂದು ಸುಪ್ರೀಂ ಕೋರ್ಟು ತಮಿಳುನಾಡಿನ ಜಲ್ಲಿಕಟ್ಟು ಕೇಸಿನಲ್ಲಿ ತೀರ್ಪು ಕೊಟ್ಟು, ಜಲ್ಲಿಕಟ್ಟೂ ಬೇಡ, ಎತ್ತಿನ ಗಾಡಿ ಓಟವೂ ಬೇಡ, ದೇಶದಲ್ಲಿ ಎಲ್ಲೂ ಬೇಡ ಅಂತು. ಪ್ರಾಣಿ ಪರವಾಗಿ ನಿಂತವರು ಕೋರ್ಟಿಗೆ ತೋರಿಸಿದ್ದು ಸುಳ್ಳಲ್ಲ. ಬಾಲ ತಿರುಚೋದು, ಕಚ್ಚೋದು, ಮೊಳೆ ಹೊಡೆದ ಕೋಲಲ್ಲಿ ಚುಚ್ಚೋದು, ಇವೆಲ್ಲ ಓಟದ ಬಯಲಲ್ಲಿ ನಡೀತಾ ಇದ್ವು. ಎತ್ತು ಮನೆ ದೇವರು ಅನ್ನೋರೇ ಗೆರೆ ಹತ್ತಿರ ಬಂದಾಗ ಹೀಗೆ ಮಾಡ್ತಿದ್ರು.

ಆ ನಾಲ್ಕು ವರ್ಷ ಹೇಗಿತ್ತು ಗೊತ್ತಾ? ಓಟ ನಿಲ್ಲಲಿಲ್ಲ, ಬಚ್ಚಿಟ್ಟುಕೊಳ್ತು. ಊರ ಹೆಸರು ಬೇಡ ಬಿಡಿ. ಬೆಳಕು ಹರಿಯೋ ಮುಂಚೆ, ಮೈಕಿಲ್ಲದೆ, ಬ್ಯಾನರಿಲ್ಲದೆ ಓಟ. ಮುಖ್ಯ ರಸ್ತೆಯಲ್ಲಿ ಒಬ್ಬ ಹುಡುಗ ಮೊಬೈಲ್ ಹಿಡಿದು ನಿಲ್ಲೋನು, ಜೀಪು ಕಂಡರೆ ಒಂದು ಮಿಸ್ಡ್ ಕಾಲ್. ಅಲ್ಲಿ ಡಾಕ್ಟರಿಲ್ಲ, ಬೇಲಿ ಇಲ್ಲ, ಎತ್ತಿನ ಕಾಲು ಮುರಿದ್ರೆ ಹೇಳೋ ಹಾಗಿಲ್ಲ, ಮನುಷ್ಯನ ಕಾಲು ಮುರಿದ್ರೆ ಆಸ್ಪತ್ರೆಯಲ್ಲಿ 'ಜಾರಿ ಬಿದ್ದೆ' ಅನ್ನಬೇಕು. ತಮಾಷೆ ಅಂದ್ರೆ, 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಮದ್ದೂರು ವಡೆಗೆ ಅದಕ್ಕಿಂತ ಹೆಚ್ಚು ಖರ್ಚಾಗುತ್ತೆ. ಜನ ಹೆದರಿದ್ದು ದಂಡಕ್ಕಲ್ಲ, ಎತ್ತನ್ನ ಹಿಡ್ಕೊಂಡು ಹೋಗ್ತಾರೆ ಅಂತ.

ಆಮೇಲಿನದ್ದು ನಿಮಗೆ ಗೊತ್ತಿರೋದೇ. 2016ರ ಜನವರಿ 7ರಂದು ಕೇಂದ್ರ ವಿನಾಯಿತಿ ಕೊಡ್ತು, ಐದೇ ದಿನದಲ್ಲಿ ಸುಪ್ರೀಂ ಕೋರ್ಟು ತಡೆ ಹಾಕ್ತು. ಅದೇ ವರ್ಷ ನವೆಂಬರಿನಲ್ಲಿ ನಮ್ಮ ಹೈಕೋರ್ಟು ಕಂಬಳಕ್ಕೆ ತಡೆ ಕೊಡ್ತು. 2017ರ ಜನವರಿಯಲ್ಲಿ ಚೆನ್ನೈನ ಮರೀನಾ ತುಂಬಿದ್ದು ನೋಡಿ ಕರಾವಳಿಯವರೂ ಬೀದಿಗಿಳಿದ್ರು. ಫೆಬ್ರವರಿಯಲ್ಲಿ ಕರ್ನಾಟಕ ವಿಧಾನಸಭೆ ತಿದ್ದುಪಡಿ ಪಾಸು ಮಾಡ್ತು, ಜುಲೈನಲ್ಲಿ ಸುಗ್ರೀವಾಜ್ಞೆ ಬಂತು, 2018ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಅಂಕಿತದೊಂದಿಗೆ ಕಾಯಿದೆ ಆಯ್ತು. ಗದ್ದಲ ಎಲ್ಲ ಕಂಬಳದ್ದು, ಆದ್ರೆ ಕಾಯಿದೆಯೊಳಗೆ ಕಂಬಳದ ಪಕ್ಕದಲ್ಲೇ ಹೋರಿ ಓಟ, ಎತ್ತಿನ ಗಾಡಿ ಓಟ ಕೂಡ ಕೂತಿತ್ತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐದು ಜನ ನ್ಯಾಯಮೂರ್ತಿಗಳ ಪೀಠ ಈ ಕಾಯಿದೆಗಳನ್ನ ಎತ್ತಿ ಹಿಡೀತು. ಜೊತೆಗೆ, ನಿಯಮ ಪಾಲನೆ ಆಗೋ ಹಾಗೆ ನೋಡ್ಕೊಳೋದು ಜಿಲ್ಲಾಡಳಿತದ ಹೊಣೆ ಅಂತಲೂ ಹೇಳ್ತು.

ನನ್ನ ಪ್ರಕಾರ ಈ ಕೊನೇ ಮಾತೇ ಮುಖ್ಯ. ಓಟ ಒಳ್ಳೇದು ಅಂತ ಯಾರೂ ಸರ್ಟಿಫಿಕೇಟ್ ಕೊಡಲಿಲ್ಲ. ಓಡೋದಾದ್ರೆ ಕಣ್ಣೆದುರಿಗೆ ಓಡಿ ಅಂದ್ರು. ಈಗ ಸ್ಪರ್ಧೆ ಮಾಡೋರು ಅರ್ಜಿ ಹಾಕ್ತಾರೆ, ಪಶುವೈದ್ಯರು ಬರ್ತಾರೆ, ಪೊಲೀಸರೂ ಬರ್ತಾರೆ, ಆದ್ರೆ ಬಂದೋಬಸ್ತಿಗೆ. ಎಲ್ಲ ಕಡೆ ಎಲ್ಲ ನಿಯಮ ಪಾಲಿಸ್ತಾರೆ ಅಂತ ನಾನು ಹೇಳಲ್ಲ. ಆದ್ರೆ ಮೊಳೆ ಕೋಲು ಹಿಡಿದವನ ವಿಡಿಯೋ ಸಾವಿರ ಜನರ ಮೊಬೈಲಲ್ಲಿ ಬಂದಾಗ ಅವನಿಗೆ ಮುಂದಿನ ಓಟಕ್ಕೆ ಬರೋದು ಕಷ್ಟ.

ಈಗ ಪೆಟ್ರೋಲ್ ಗಾಡಿಗೆ ಬರೋಣ.

ನಿಮ್ಮ ಕಾರನ್ನ ನೀವು ಬದಲಾಯಿಸಬಹುದೇ? 1939ರ ಮೋಟಾರು ವಾಹನ ಕಾಯಿದೆ ಪ್ರಕಾರ, ನೋಂದಣಿ ಅಧಿಕಾರಿಗೆ ತಿಳಿಸಿ ಒಪ್ಪಿಗೆ ಪಡೆದರೆ ಬದಲಾಯಿಸಬಹುದಿತ್ತು. 1988ರ ಕಾಯಿದೆಯ 52ನೇ ಕಲಮೂ ಮೊದಲು ಹೀಗೇ ಇತ್ತು. 2000ದ ತಿದ್ದುಪಡಿ ಅದನ್ನ ತಿರುಗಿಸ್ತು: ತಯಾರಕರು ಹೇಳಿದ ವಿವರಕ್ಕೆ ಹೊಂದದ ಹಾಗೆ ಯಾವ ಮಾಲೀಕನೂ ಗಾಡಿ ಬದಲಾಯಿಸಕೂಡದು. ಕೇರಳದ ಒಂದು ಕೇಸಿನಲ್ಲಿ 2019ರ ಜನವರಿ 9ರಂದು ಸುಪ್ರೀಂ ಕೋರ್ಟು ಇದನ್ನೇ ಗಟ್ಟಿ ಮಾಡ್ತು. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಂತ ಬಂತು. ರಸ್ತೆಯಲ್ಲಿ ರೇಸು ಮಾಡಿದ್ರೆ ಮೊದಲು 500 ಇದ್ದ ದಂಡ 5,000 ಆಯ್ತು. ಚಿಕ್ಕ ಹುಡುಗರ ಕೈಗೆ ಗಾಡಿ ಕೊಟ್ಟು ಅವರು ಸಿಕ್ಕಿಬಿದ್ರೆ ಅಪ್ಪನಿಗೇ 25,000 ದಂಡ, ಮೂರು ವರ್ಷದವರೆಗೆ ಜೈಲು. ಎತ್ತಿಗೆ ಚುಚ್ಚಿದ್ರೆ ಐವತ್ತು ರೂಪಾಯಿ, ಸೈಲೆನ್ಸರ್ ಬದಲಾಯಿಸಿದ್ರೆ ಐದು ಸಾವಿರ. ಇದನ್ನ ಓದಿ ನಗಬೇಕೋ ಅಳಬೇಕೋ ನೀವೇ ಹೇಳಿ.

ರೇಸಿನ ಕಲಮಿನಲ್ಲಿ ಒಂದು ಸಣ್ಣ ಕಿಂಡಿ ಇದೆ. 189ನೇ ಕಲಮು ತಪ್ಪು ಅನ್ನೋದು 'ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ' ಸಾರ್ವಜನಿಕ ಜಾಗದಲ್ಲಿ ಮಾಡೋ ರೇಸು. ಒಪ್ಪಿಗೆ ಇದ್ದರೆ ತಪ್ಪಲ್ಲ. ಎತ್ತಿನವರು ದಾಟಿ ಬಂದ ಬಾಗಿಲು ಮೋಟಾರಿನವರಿಗೂ ಇದೆ, ಆ ಕಡೆ ಹೋಗಿ ಬಡಿದವರು ಕಡಿಮೆ.

ನಮ್ಮ ಹುಡುಗರು ಹೋಗಿದ್ದು ಎಲ್ಲಿಗೆ? ಹೈವೇಗೆ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ಉದ್ಘಾಟನೆ ಆಗಿದ್ದು ನಮ್ಮ ಮದ್ದೂರು ತಾಲೂಕಿನ ಗೆಜ್ಜಲಗೆರೆಯಲ್ಲೇ. ಸುಮಾರು 118 ಕಿಲೋಮೀಟರ್, ಮದ್ದೂರು ಮಂಡ್ಯ ಎರಡಕ್ಕೂ ಬೈಪಾಸು. ಅಂಥಾ ನೇರ, ನುಣುಪು, ಅಗಲ ರಸ್ತೆಯನ್ನ ಈ ಭಾಗದ ಜನ ಕಂಡೇ ಇರಲಿಲ್ಲ. ಸತ್ತವರ ಸುದ್ದಿ ದಿನಾ ಬರೋಕೆ ಶುರುವಾಯ್ತು. ಸಂಚಾರ ವಿಭಾಗದ ಎಡಿಜಿಪಿ ಆಗಿದ್ದ ಅಲೋಕ್ ಕುಮಾರ್ ಬಂದು ನೋಡಿದ್ರು, ವೇಗ ಅಳೆಯೋ ಗನ್ನುಗಳು ಬಂದವು, ಕಾರಿಗೆ 100ರ ಮಿತಿ. ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರುಗಳಿಗೆ ಮುಖ್ಯ ಹಾದಿಯಲ್ಲಿ ಪ್ರವೇಶ ಇಲ್ಲ. ಮುಂದಿನ ವರ್ಷ ಕ್ಯಾಮೆರಾಗಳು ಬಂದವು, 2024ರ ಆಗಸ್ಟ್ 1ರಿಂದ 130 ದಾಟಿದವರ ಮೇಲೆ ಎಫ್ಐಆರ್ ಅಂದ್ರು.

ಇದರಿಂದ ಜೀವ ಉಳಿದಿವೆ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದ್ರೆ ಬೈಕುಗಳು ಎಲ್ಲಿಗೆ ಹೋದವು? ಸರ್ವಿಸ್ ರಸ್ತೆಗೆ. ಅದೇ ರಸ್ತೆಯಲ್ಲಿ ಬೆಳಗ್ಗೆ ಡೈರಿಗೆ ಹಾಲು ಹಾಕೋಕೆ ಕ್ಯಾನು ಹಿಡಿದು ಹೋಗೋರು, ಸ್ಕೂಲಿಗೆ ನಡೆಯೋ ಮಕ್ಕಳು, ಕಬ್ಬಿನ ಟ್ರಾಕ್ಟರು. ಅಲ್ಲಿ ಒಬ್ಬ ಮುಂದಿನ ಗಾಲಿ ಎತ್ತಿಕೊಂಡು ಬಂದ್ರೆ ಊರಿನವರಿಗೆ ಏನನ್ನಿಸಬೇಡ? 2024ರ ಆಗಸ್ಟಿನಲ್ಲಿ ನೆಲಮಂಗಲದ ಹತ್ತಿರ ತುಮಕೂರು ರಸ್ತೆಯಲ್ಲಿ ವೀಲಿಂಗ್ ಮಾಡ್ತಿದ್ದ ಹುಡುಗರ ಎರಡು ಸ್ಕೂಟರುಗಳನ್ನ ಜನ ಎತ್ತಿ ಫ್ಲೈಓವರಿನಿಂದ ಕೆಳಗೆ ಎಸೆದ ವಿಡಿಯೋ ನೋಡಿರ್ತೀರಿ. ಅದಕ್ಕೆ ಎಷ್ಟು ಜನ ಚಪ್ಪಾಳೆ ಹೊಡೆದ್ರು! ಪೊಲೀಸರ ಕೆಲಸವನ್ನ ಗುಂಪು ಕೈಗೆತ್ತಿಕೊಂಡಾಗ ಚಪ್ಪಾಳೆ ಬೀಳುತ್ತೆ ಅಂದ್ರೆ ಸಿಟ್ಟು ಎಲ್ಲಿಗೆ ಮುಟ್ಟಿದೆ ನೋಡಿ. 2025ರಲ್ಲಿ ನಮ್ಮ ಹೈಕೋರ್ಟು ಕೂಡ ವೀಲಿಂಗ್ ತಡೆಗೆ ಈಗಿರೋ ಕಾನೂನು ಸಾಲದು ಅಂತು.

ಕಾನೂನು ಇನ್ನೂ ಬಿಗಿ ಆದ್ರೆ ಸಾಕಾ? ಇಲ್ಲಿ ಅಮೆರಿಕದ ಒಂದು ಹಳೇ ಕತೆ ಹೇಳಲೇಬೇಕು. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಹಳೇ ಫೋರ್ಡುಗಳ ಮಡ್‌ಗಾರ್ಡ್ ಕಿತ್ತು, ಎಂಜಿನ್ ಕೆದಕಿ, ಒಣಗಿದ ಕೆರೆ ಅಂಗಳಗಳಲ್ಲಿ ಓಡಿಸ್ತಿದ್ರು (ಕೆರೆ ಅಂಗಳ! ನಮ್ಮ ಎತ್ತಿನವರ ಹಾಗೇ). ಯುದ್ಧ ಮುಗಿದ ಮೇಲೆ ಇವರ ಸಂಖ್ಯೆ ಬೆಳೆದು ಓಟ ಊರಿನ ಬೀದಿಗೆ ಬಂತು. ಪೊಲೀಸರು ಬೆನ್ನು ಹತ್ತಿದ್ರು, ಪತ್ರಿಕೆಗಳು ಬೈದವು. ಆಗ ವಾಲಿ ಪಾರ್ಕ್ಸ್ ಅನ್ನೋರು 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಶನ್ ಅಂತ ಸಂಘ ಕಟ್ಟಿದ್ರು. ಅದರ ಮೊದಲ ಅಧಿಕೃತ ಓಟ ನಡೆದದ್ದು 1953ರಲ್ಲಿ ಪೊಮೋನಾ ಅನ್ನೋ ಊರಿನ ಜಾತ್ರೆ ಮೈದಾನದಲ್ಲಿ, ಅಲ್ಲಿನ ಪೊಲೀಸರ ಬೆಂಬಲದಲ್ಲಿ. ಮರುವರ್ಷ ಊರೂರು ಸುತ್ತಿ ಸುರಕ್ಷಿತವಾಗಿ ರೇಸು ಮಾಡೋದು ಹೇಗೆ ಅಂತ ಕಲಿಸೋಕೆ ಹೊರಟ ತಂಡದ ಮುಂದಾಳು ಬಡ್ ಕೂನ್ಸ್, ಅದೇ ಪೊಮೋನಾದ ಪೊಲೀಸ್ ಸಾರ್ಜೆಂಟ್. ಅಟ್ಟಿಸಿಕೊಂಡು ಬರೋನೇ ಗೆರೆ ಎಳೆದು ಕೊಟ್ಟ.

ಅಷ್ಟು ದೂರ ಯಾಕೆ, ಪಕ್ಕದ ಮದ್ರಾಸನ್ನೇ ನೋಡಿ. ಯುದ್ಧ ಕಾಲದ ವಿಮಾನದ ಪಟ್ಟಿಯಾಗಿದ್ದ ಶೋಳವರಂನಲ್ಲಿ ದಶಕಗಳ ಕಾಲ ಕಾರು, ಬೈಕು ಓಡಿದವು. 1990ರಲ್ಲಿ ಇರುಂಗಾಟುಕೋಟೆಯಲ್ಲಿ ಟ್ರಾಕೇ ಆಯ್ತು, 2003ರಲ್ಲಿ ಕೊಯಮತ್ತೂರಿನಲ್ಲಿ ಇನ್ನೊಂದು. ಅದಕ್ಕೆ ಕರಿವರ್ಧನ್ ಹೆಸರಿಟ್ಟಿದ್ದಾರೆ. ಗ್ಯಾರೇಜಿನಲ್ಲಿ ಕಾರು ಬಿಚ್ಚಿ ಕಟ್ಟಿ, ಮಾರುತಿ ಎಂಜಿನ್ ಹಾಕಿ ರೇಸ್ ಕಾರು ಮಾಡಿ, ಹುಡುಗರನ್ನ ಬೆಳೆಸಿದ ಮನುಷ್ಯ ಅವರು. ಕರ್ನಾಟಕದಲ್ಲಿ ಅಂಥಾ ಪೂರ್ಣ ಪ್ರಮಾಣದ ಟ್ರಾಕು ಇಲ್ಲ. ಆದ್ರೂ ಮೈಸೂರಿನ ಲಲಿತಮಹಲ್ ಹತ್ತಿರದ ಮೈದಾನದಲ್ಲಿ ಗ್ರಾವೆಲ್ ಫೆಸ್ಟ್ ಅಂತ ಮಣ್ಣಿನ ಹಾದಿಯ ಕಾರ್ ಓಟ ನಡೆದಿದೆ. ಹೆಲ್ಮೆಟ್ಟು, ಆಂಬುಲೆನ್ಸು, ಟೈಮರು ಎಲ್ಲ ಇಟ್ಟುಕೊಂಡು. ಮಂಡ್ಯದಿಂದ ಅಲ್ಲಿಗೆ ಒಂದು ಗಂಟೆ ದಾರಿ.

'ರೇಸ್ ಟ್ರಾಕ್ ಕಟ್ಟಿದ್ರೆ ವೀಲಿಂಗ್ ನಿಲ್ಲುತ್ತಾ' ಅಂತ ಕೇಳ್ತೀರಿ. ಪೂರ್ತಿ ನಿಲ್ಲಲ್ಲ. ಸೈಲೆನ್ಸರ್ ಕಿತ್ತು ಡಗ್ ಡಗ್ ಅನ್ನಿಸಿಕೊಂಡು ಹೋಗೋನಿಗೆ ವೇಗ ಬೇಕಿಲ್ಲ, ಊರು ತಿರುಗಿ ನೋಡಬೇಕು ಅಷ್ಟೇ. ಅವನು ಮೈದಾನಕ್ಕೆ ಬರಲ್ಲ, ಅವನಿಗೆ ದಂಡವೇ ಮದ್ದು. ಎತ್ತಿನವರಿಗೂ ಮೋಟಾರಿನವರಿಗೂ ಇನ್ನೊಂದು ವ್ಯತ್ಯಾಸ ಇದೆ. ಎತ್ತಿನ ಹಿಂದೆ ಊರಿದೆ, ಜಾತಿ ಇದೆ, ಓಟಿದೆ, ವಿಧಾನಸಭೆ ಇದೆ. ಮಾಡಿಫೈ ಮಾಡಿದ ಹಳೇ ಎಸ್ಟೀಮ್ ಹಿಂದೆ ನಾಲ್ಕು ಜನ ಗೆಳೆಯರು, ಒಬ್ಬ ಮೆಕ್ಯಾನಿಕ್ಕು. ಅದಕ್ಕೆ 'ಸಂಸ್ಕೃತಿ' ಅನ್ನೋ ಪಟ್ಟ ಯಾರು ಕಟ್ತಾರೆ?

ಆದ್ರೂ ನನಗೆ ಕಾಣೋದು ಇಷ್ಟು. 2014ರಿಂದ 2018ರವರೆಗೆ ಎತ್ತಿನ ಓಟ ಕತ್ತಲಲ್ಲಿ ನಡೆದಾಗ ಎತ್ತಿಗೂ ಕ್ಷೇಮ ಇರಲಿಲ್ಲ, ಮನುಷ್ಯನಿಗೂ ಇರಲಿಲ್ಲ. ಬೆಳಕಿಗೆ ಬಂದ ಮೇಲೆ ಕನಿಷ್ಠ ಯಾರನ್ನ ಹಿಡಿದು ಕೇಳಬೇಕು ಅನ್ನೋದು ಗೊತ್ತಾಯ್ತು. ಮೋಟಾರಿನವರು ಈಗ ಅದೇ ಕತ್ತಲಲ್ಲಿ ಇದ್ದಾರೆ. ವ್ಯತ್ಯಾಸ ಏನಂದ್ರೆ, ಎತ್ತಿನವರು ಬಚ್ಚಿಟ್ಟುಕೊಂಡದ್ದು ಗದ್ದೆಯಲ್ಲಿ, ಇವರು ಓಡಿಸ್ತಿರೋದು ಹಾಲಿನ ಕ್ಯಾನು ಹಿಡಿದು ನಡೆಯೋರ ರಸ್ತೆಯಲ್ಲಿ. ಅದಕ್ಕೇ ಇವರ ವಿಷಯ ಇನ್ನೂ ಅರ್ಜೆಂಟು. ಸೈಲೆನ್ಸರ್‌ಗಳನ್ನ ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸೋ ಫೋಟೋ ಪೇಪರಿನಲ್ಲಿ ಚೆನ್ನಾಗೇ ಬರುತ್ತೆ. ಅದರ ಜೊತೆಗೆ ಜಿಲ್ಲೆಗೆ ಒಂದು ಬಯಲು, ತಿಂಗಳಿಗೆ ಒಂದು ಭಾನುವಾರ, ಲಿಖಿತ ಒಪ್ಪಿಗೆ, ಒಂದು ಆಂಬುಲೆನ್ಸು. ಇಷ್ಟು ಕೊಟ್ಟು, ಆಮೇಲೂ ರಸ್ತೆಯಲ್ಲೇ ಗಾಲಿ ಎತ್ತೋನಿಗೆ ಯಾವ ದಯೆಯನ್ನೂ ತೋರಿಸಬೇಡಿ ಅಂತೀನಿ ನಾನು.

ನಿಮ್ಮ ಊರ ಕಡೆ ಹೇಗಿದೆ? ಎತ್ತಿನ ಓಟ ನಿಂತಿದ್ದ ವರ್ಷಗಳ ನೆನಪು ಯಾರಿಗಾದ್ರೂ ಇದ್ರೆ, ಅಥವಾ ಮನೇಲಿ ಗಾಡಿ ಬಿಚ್ಚಿ ಕಟ್ಟೋ ತಮ್ಮಂದಿರು ಇದ್ರೆ ಬರೀರಿ. ಬೈಯೋದಿದ್ರೂ ಬೈಯಿರಿ, ಡೈರಿ ದಾರಿಯವರ ಪರವಾಗಿ ಬೈದ್ರೆ ಇನ್ನೂ ಸಂತೋಷ.